ಕೂತೇ ಹೋಗಬೇಕು

ಮೂವತ್ತು ವರ್ಷ ಸಾರಿಗೆ ಬಸ್ಸಿನ ಸ್ಟಿಯರಿಂಗ್ ಹಿಡಿದ ಗಂಡಸು ಹೆಂಡತಿಗೆ ಕಾರು ಕಲಿಸಲು ಹೊರಟರೆ ಏನಾಗಬೇಕೋ ಅದೇ ಹುಬ್ಬಳ್ಳಿಯ ಬೆಂಗೇರಿ ಬಯಲಿನಲ್ಲಿ ಆಗಿತ್ತು. ಶಾಂತಯ್ಯ ಪಕ್ಕದ ಸೀಟಿನಲ್ಲಿ ಕೂತು ಒಂದೇ ಸಮ ಒದರುವುದು, ಪ್ರಭಾವತಿ ಹಲ್ಲು ಕಚ್ಚಿಕೊಂಡು ಕ್ಲಚ್ಚು ತುಳಿಯುವುದು, ಸಂಜೆ ಗಾಳಿಗೆಂದು ಬಂದವರು ನಿಂತು ನೋಡಿ ನಗುವುದು. "ಬ್ರೇಕ್ ಮ್ಯಾಲೆ ಯಾಕ ನಿಂದರತೀ? ಅದೇನ್ ಹೊಲಿಗಿ ಮಷಿನ್ ಅಂತ ತಿಳದೀಯೇನು?" ಎಂದು ಆತ ಕೂಗಿದ ದಿನ ಪ್ರಭಾವತಿ ಗಾಡಿಯನ್ನು ನಡುಬಯಲಲ್ಲೇ ಬಿಟ್ಟು, ಸೆರಗು ಕೊಡವಿ, ಮನೆಗೆ ನಡೆದುಬಿಟ್ಟಳು. ಮರುದಿನ ಕೀಲಿ ಹಿಡಿದು ತಾನೇ ಮೊದಲು ಬಂದು ಕೂತಳು. ಹೀಗೆ ಬೈಸಿಕೊಂಡೇ ಕಲಿತಳು, ಲೈಸೆನ್ಸೂ ಬಂತು. ಆದರೆ ಹೆದ್ದಾರಿಯಲ್ಲಿ ಮಾತ್ರ ಶಾಂತಯ್ಯ ಒಂದು ದಿನವೂ ಆಕೆಯ ಕೈಗೆ ಗಾಡಿ ಕೊಡಲಿಲ್ಲ.

ಕಾರು ಕೊಂಡದ್ದೇ ಕಾಶಿಗೆ ಹೋಗಲು. ನಿವೃತ್ತಿಯಾದ ಮೇಲೆ ಹುಬ್ಬಳ್ಳಿಯಲ್ಲಿ ಯಾರೋ ಡಾಕ್ಟರು ಬಳಸಿ ಬಿಟ್ಟ ಬಿಳಿ ಗಾಡಿಯನ್ನು ತಂದು, ಆರು ತಿಂಗಳು ಅದರ ಹೊಟ್ಟೆಯೊಳಗೆ ತಲೆ ಹಾಕಿಕೊಂಡಿದ್ದ. ರೈಲಿದೆಯಲ್ಲ, ವಿಮಾನವಿದೆಯಲ್ಲ ಎಂದು ಹೇಳಿದವರಿಗೆಲ್ಲ ಆತನದು ಒಂದೇ ಉತ್ತರ. "ಊರ ಮಂದೀನೆಲ್ಲಾ ಹೊತಗೊಂಡು ತಿರಗೇನಿ. ನನ್ನ ಹೇಂತೀನ್ನ ಒಮ್ಮೆರೆ ಕುಂದರಿಸ್ಕೊಂಡು ಹೋಗಬಾರದೇನು?" ಈ ಮಾತು ಕೇಳಿದಾಗಲೆಲ್ಲ ಪ್ರಭಾವತಿಗೆ ಒಳಗೊಳಗೇ ಹಿಗ್ಗು. ಹೊರಗೆ ಮಾತ್ರ, "ಈಗ ನೆನಪಾತೇನು, ಮಂಡಿ ಹಿಡದ ಮ್ಯಾಲೆ?" ಎಂದು ಮೂಗು ಮುರಿಯುತ್ತಿದ್ದಳು.

ಶಾಂತಯ್ಯನಿಗೆ ಬಸ್ಸಿನದಲ್ಲದೆ ಇನ್ನೊಂದು ಕೆಲಸವೂ ಇತ್ತು. ಅದು ಹುಟ್ಟಿನಿಂದ ಬಂದದ್ದು. ಮುಗದದ ಮಠಪತಿಗಳ ಮನೆಯವನು ಆತ. ಊರಿನ ಲಿಂಗವಂತರ ಮನೆಗಳಲ್ಲಿ ಯಾರಾದರೂ ತೀರಿಕೊಂಡರೆ ಮೊದಲು ಕರೆ ಬರುವುದು ಆತನಿಗೆ. ಅವರಲ್ಲಿ ಸತ್ತವರನ್ನು ಸುಡುವುದಿಲ್ಲ, ಮಲಗಿಸಿ ಹೂಳುವುದೂ ಇಲ್ಲ. ಕಾಲು ಮಡಿಸಿ ಕೂರಿಸಿ, ಜೀವಮಾನವಿಡೀ ಕೊರಳಲ್ಲಿದ್ದ ಲಿಂಗವನ್ನು ತೆರೆದ ಎಡ ಅಂಗೈಯಲ್ಲಿಟ್ಟು, ಪೂಜೆಗೆ ಕೂತವರನ್ನು ಕಳಿಸಿದಂತೆ ಮಣ್ಣಿಗೆ ಒಪ್ಪಿಸುತ್ತಾರೆ. ಹಾಗಾಗಿ ಫೋನು ಬಂದ ಕೂಡಲೇ ಶಾಂತಯ್ಯ ಹೇಳುತ್ತಿದ್ದ ಮೊದಲ ಮಾತು, "ಅಳೂದು ಆಮ್ಯಾಲೆ. ಮೊದಲ ಲಗೂ ಕುಂದರಸ್ರಿ, ನಾ ಬರೂತನಕಾ ತಡೀಬ್ಯಾಡ್ರಿ" ಎಂದು. ಮೈ ಸೆಟೆದು ಕಟ್ಟಿಗೆಯಾದ ಮೇಲೆ ಕೂರಿಸುವುದೆಂದರೆ ಏನೆಂದು ಆತನಿಗೆ ಗೊತ್ತಿತ್ತು. ಎಣ್ಣೆ ತಿಕ್ಕಬೇಕು, ಬಿಸಿನೀರು ಹೊಯ್ಯಬೇಕು, ಅದಕ್ಕೂ ಬಗ್ಗದಿದ್ದರೆ ನಾಲ್ಕು ಜನ ಹಿಡಿದು ಒತ್ತಬೇಕು. ಕೀಲು ಸಪ್ಪಳ ಮಾಡುತ್ತದೆ. ಅಂಥ ದಿನ ಶಾಂತಯ್ಯ ಮನೆಗೆ ಬಂದು ಸ್ನಾನ ಮಾಡಿ ಊಟವಿಲ್ಲದೆ ಗೋಡೆಗೆ ಮುಖ ಮಾಡಿ ಮಲಗುತ್ತಿದ್ದ.

ಕೊರೊನಾ ಎರಡನೇ ಸಲ ಬಂದಾಗ ಆತನ ಅಣ್ಣನೇ ಹೋದ. ಆಸ್ಪತ್ರೆಯವರು ಚೀಲದಲ್ಲಿ ಕಟ್ಟಿ ಕೊಟ್ಟರು. ಯಂತ್ರ ತೋಡಿದ ತಗ್ಗಿನಲ್ಲಿ ಉದ್ದಕ್ಕೆ ಮಲಗಿಸಿ ಮಣ್ಣೆಳೆದರು. ಊರಿನ ಎಷ್ಟೋ ಜನರನ್ನು ಕೂರಿಸಿ ಕಳಿಸಿದವನು ತನ್ನ ಒಡಹುಟ್ಟಿದವನನ್ನು ದೂರ ನಿಂತು ನೋಡಬೇಕಾಯಿತು. ಅಂದು ಸಂಜೆ ಶಾಂತಯ್ಯ ಹಿತ್ತಲಲ್ಲಿ ಕೂತು ಮಗುವಿನ ಹಾಗೆ ಅತ್ತ. ಆಮೇಲೆ ಹೆಂಡತಿಗೆ ಹೇಳಿದ, "ನನ್ನ ಹಿಂಗ ಮಲಗಿಸಿ ಕಳಸಬ್ಯಾಡ. ಎಲ್ಲೇ ಸಾಯಲಿ, ಕುಂದರಸಿ ಕಳಸು. ಮುಗದದ ಹೊಲದಾಗ. ಯಾರೂ ನನ್ನ ಎಲಬು ಮುರೀಬಾರದು."

"ಬಿಡ್ತು ಅನ್ರಿ. ಏನ್ ಮಾತಾಡ್ತೀರಿ?"

"ಹೂಂ ಅನ್ನು."

ಆಕೆ ಹೂಂ ಎಂದಿದ್ದಳು. ಅನ್ನದೆ ಆತ ಬಿಡುತ್ತಿರಲಿಲ್ಲ.

ಡಿಸೆಂಬರಿನಲ್ಲಿ ಹೊರಟರು. ಖಟಕು ರೊಟ್ಟಿ, ಶೇಂಗಾ ಹಿಂಡಿ, ಒಂದು ಡಬ್ಬಿ ಕರದಂಟು, ಕಾಲಿಗೆ ಹಚ್ಚುವ ಎಣ್ಣೆ, ಎರಡು ಕಂಬಳಿ. ಮೊದಲ ರಾತ್ರಿ ಸೊಲ್ಲಾಪುರ, ಎರಡನೆಯದು ನಾಗಪುರ. ದಾರಿಯುದ್ದಕ್ಕೂ ಶಾಂತಯ್ಯ ಎದುರು ಬಂದ ಪ್ರತಿ ಗಾಡಿಯ ಚಾಲಕನಿಗೂ ಒಂದೊಂದು ಬಿರುದು ಕೊಡುತ್ತ ಹೋದ. ಪ್ರಭಾವತಿ ಕಿತ್ತಳೆ ಸುಲಿದು ತೊಳೆ ಬಾಯಿಗಿಟ್ಟಾಗಷ್ಟೇ ಆತ ಸುಮ್ಮನಾಗುತ್ತಿದ್ದುದು. ಮದುವೆಯಾಗಿ ಇಷ್ಟು ವರ್ಷವಾದರೂ ಇಡೀ ದಿನ ಇಬ್ಬರೇ ಹೀಗೆ ಕೂತದ್ದಿಲ್ಲ. ಆತನ ಡ್ಯೂಟಿ, ಮುಗದದ ಕರೆಗಳು, ಮಗನಂತೆ ಬೆಳೆಸಿದ ಭಾವನ ಮಗ ಪ್ರಸಾದನ ಓದು, ಮದುವೆ ಎಂದು ಕಾಲ ಹೋಗಿತ್ತು. ಸ್ವಂತ ಮಕ್ಕಳಾಗಲಿಲ್ಲವೆಂಬ ಮಾತು ಇಬ್ಬರ ನಡುವೆ ಹಳತಾಗಿ ಸುಮ್ಮನಾಗಿತ್ತು. ಈಗ ಹತ್ತಿಯ ಹೊಲಗಳು ಸರಿಯುತ್ತಿರುವಾಗ ಪ್ರಭಾವತಿಗೆ ತಾನು ಸುಖಿ ಅನ್ನಿಸಿತು. ಹಾಗೆಂದು ಬಾಯಿಬಿಟ್ಟು ಹೇಳಲು ನಾಚಿಕೆಯಾಗಿ, "ನನಗೂ ಒಂದ್ ಸ್ವಲ್ಪ ನಡಸಾಕ ಕೊಡ್ರಿ" ಎಂದಳು.

"ನರ್ಮದಾ ದಾಟಿದ ಮ್ಯಾಲೆ ನೋಡೋಣು."

ನರ್ಮದೆ ದಾಟಲಿಲ್ಲ. ಮೂರನೆಯ ಬೆಳಿಗ್ಗೆ ನಾಗಪುರ ಬಿಟ್ಟು, ಕಾಡಿನ ನಡುವಿನ ಚಂದದ ರಸ್ತೆಯಲ್ಲಿ ಹೋಗುತ್ತಿರುವಾಗ ಶಾಂತಯ್ಯ ಇದ್ದಕ್ಕಿದ್ದಂತೆ ಮಾತು ನಿಲ್ಲಿಸಿದ. ಆ ಚಳಿಯಲ್ಲೂ ಹಣೆಯ ವಿಭೂತಿ ಬೆವರಿಗೆ ಇಳಿಯುತ್ತಿತ್ತು. ಗಾಡಿಯನ್ನು ನಿಧಾನವಾಗಿ ಬದಿಗೆ ತಂದ, ಹ್ಯಾಂಡ್‌ಬ್ರೇಕ್ ಎಳೆದ, ಹಿಂದಿನ ದೀಪ ಮಿನುಗಿಸಿದ. ಇಳಿದು, ಬಾನೆಟ್ ಹಿಡಿದುಕೊಂಡು ಸುತ್ತಿ ಬಂದು ಆಕೆಯ ಬಾಗಿಲು ತೆಗೆದ.

"ನೀ ನಡಸು" ಎಂದ.

ಪ್ರಭಾವತಿಗೆ ಎಲ್ಲವೂ ತಿಳಿದುಹೋಯಿತು. ಎದೆನೋವೆಂದು ಆತ ಹೇಳಬೇಕಾಗಿರಲಿಲ್ಲ. ಆಕೆ ಯಾವತ್ತೂ ಓಡಿಸದಷ್ಟು ಜೋರಾಗಿ ಓಡಿಸಿದಳು. ಪಕ್ಕದಲ್ಲಿ ಆತ ಒಮ್ಮೆ "ಛಲೋ ನಡಸಾಕತ್ತೀ" ಎಂದದ್ದು ಕೇಳಿಸಿತು. ಮುಂದಿನ ಊರಿನ ಆಸ್ಪತ್ರೆ ಸಿಗುವ ಹೊತ್ತಿಗೆ ತಲೆ ಆಕೆಯ ಭುಜದ ಕಡೆ ವಾಲಿತ್ತು.

ಡಾಕ್ಟರು ಒಳ್ಳೆಯ ಹೆಂಗಸು. ಮಾಡುವಷ್ಟು ಮಾಡಿ, ಹೊರಗೆ ಬಂದು ಪ್ರಭಾವತಿಯ ಎರಡೂ ಕೈ ಹಿಡಿದುಕೊಂಡು ಹಿಂದಿಯಲ್ಲಿ ಹೇಳಿದಳು. ಹಿಂದಿ ಅರ್ಥವಾಗದಿದ್ದರೂ ಆ ಮಾತು ಅರ್ಥವಾಯಿತು. ಒಳಗೆ ಶಾಂತಯ್ಯನನ್ನು ಉದ್ದನೆಯ ಕಬ್ಬಿಣದ ಮಂಚದ ಮೇಲೆ ಅಂಗಾತ ಮಲಗಿಸಿ, ಕಾಲು ನೀಟಾಗಿ ಚಾಚಿ, ಬಿಳಿ ಬಟ್ಟೆ ಹೊದೆಸಿದ್ದರು. ಪ್ರಭಾವತಿ ಅಳಲಿಲ್ಲ. ಆಕೆಯ ಕಿವಿಯಲ್ಲಿ ಒಂದೇ ಮಾತು ಮೊಳಗುತ್ತಿತ್ತು: ಅಳೂದು ಆಮ್ಯಾಲೆ, ಮೊದಲ ಕುಂದರಸ್ರಿ.

ನೆರೆದವರೆಲ್ಲ ಆಕೆಗೆ ಸಹಾಯ ಮಾಡಲೇ ಬಂದವರು. ನದಿ ಹತ್ತಿರದಲ್ಲಿದೆ, ಪುಣ್ಯದ ಜಾಗ, ಕಟ್ಟಿಗೆಯ ವ್ಯವಸ್ಥೆ ನಾವು ಮಾಡುತ್ತೇವೆ ಎಂದರು. ಆಕೆ ತಲೆ ಅಲ್ಲಾಡಿಸಿದಳು. ಹಾಗಾದರೆ ಆಂಬ್ಯುಲೆನ್ಸ್ ಎಂದು ತರಿಸಿ ತೋರಿಸಿದರು. ಅದರಲ್ಲಿ ಗಾಜಿನ ಮುಚ್ಚಳದ ಉದ್ದನೆಯ ತಣ್ಣನೆ ಪೆಟ್ಟಿಗೆ. ಊರಿಂದ ಪ್ರಸಾದ ಫೋನಿನಲ್ಲಿ ಅಳುತ್ತ, "ಕಾಕೂ, ನಾಗಪುರಕ್ಕ ತಂದಬಿಟ್ರ ವಿಮಾನದಾಗ ತರಸ್ತೇನಿ" ಎಂದ. ಅದೂ ಪೆಟ್ಟಿಗೆಯೇ. ಎಲ್ಲದರಲ್ಲೂ ಮಲಗಿಯೇ ಹೋಗಬೇಕು. ಊರು ಮುಟ್ಟುವಾಗ ಮನುಷ್ಯ ಹಲಗೆಯಾಗಿರುತ್ತಾನೆ. ಆಮೇಲೆ ಆ ಕಾಲುಗಳನ್ನು ಮಡಿಸಲು ನಾಲ್ಕು ಜನ ಬರುತ್ತಾರೆ.

"ಯಾತರಾಗೂ ಬ್ಯಾಡೋ. ಕುಂದರಿಸ್ಕೊಂಡು ನಾನ ತರ್ತೇನಿ" ಎಂದು ಫೋನು ಇಟ್ಟಳು.

ತರುತ್ತೇನೆಂದದ್ದೇನೋ ಆಯಿತು. ಆತನನ್ನು ಎತ್ತುವವರು ಯಾರು? ಅಲ್ಲಿಯವರಿಗೆ ಆಕೆ ಕೈಸನ್ನೆಯಲ್ಲಿ ಕಾಲು ಮಡಿಸಿ ತೋರಿಸಿದರೆ, ದುಃಖಕ್ಕೆ ತಲೆ ಕೆಟ್ಟಿದೆ ಪಾಪ ಎಂಬಂತೆ ನೋಡಿದರು. ಒಬ್ಬ ನರ್ಸು ನೀರು ತಂದುಕೊಟ್ಟಳು. ಹೊತ್ತು ಹೋಗುತ್ತಿತ್ತು. ಪ್ರಭಾವತಿ ಬಟ್ಟೆ ಸರಿಸಿ ಗಂಡನ ಮಂಡಿಯನ್ನು ಮುಟ್ಟಿ ನೋಡಿದಳು. ಇನ್ನೂ ಮಡಚುತ್ತಿತ್ತು. ಕುತ್ತಿಗೆ ಆಗಲೇ ಬಿಗಿಯತೊಡಗಿತ್ತು. ದಿಕ್ಕು ತೋಚದೆ ರಸ್ತೆಗೆ ಬಂದು, ತನ್ನ ಕಾರಿಗೆ ಒರಗಿ ನಿಂತಳು. ಆಗ ಎದುರಿಗೆ ಒಂದು ಲಾರಿ ನಿಂತಿತು.

"ಕೆಎ ಇಪ್ಪತ್ತೈದು ನೋಡಿ ನಿಂತೆ. ಯಾವೂರವ್ವಾ? ಏನಾತು?" ಎನ್ನುತ್ತ ಇಳಿದವನು ಶಾಬುದ್ದೀನ. ಹಳೇ ಹುಬ್ಬಳ್ಳಿಯವನು, ಅರೆನೆರೆತ ಗಡ್ಡ. ಜಬಲ್ಪುರದ ಬಟಾಣಿ ಹೇರಿಕೊಂಡು ಹುಬ್ಬಳ್ಳಿಗೆ ಹೊರಟಿದ್ದ. ಜೊತೆಗೆ ಇನ್ನೊಬ್ಬ ಚಾಲಕ ಬಂದೇನವಾಜ. ಕನ್ನಡ ಕಿವಿಗೆ ಬಿದ್ದ ಕೂಡಲೇ ಪ್ರಭಾವತಿ ಕಾರು ಬಿಟ್ಟು ಮುಂದೆ ಬಂದಳು. ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿದಳು. ಶಾಬುದ್ದೀನ ತಲೆಯ ಮೇಲಿನ ಟೋಪಿ ಸರಿಮಾಡಿಕೊಂಡ.

"ನಮ್ಮೊಳಗ ಮಲಗಸ್ತೀವ್ರಿ. ನಿಮ್ಮೊಳಗ ಹೆಂಗಂತ ಹೇಳ್ರಿ, ಹಂಗ ಮಾಡೂಣು" ಎಂದ.

ಡಾಕ್ಟರು ಕಾಗದ ಬರೆದುಕೊಟ್ಟಳು. ಕಾರಿನಲ್ಲಿ ಕೂರಿಸಿ ಒಯ್ಯಲು ಮೊದಲು ಒಪ್ಪಿರಲಿಲ್ಲ, ಶಾಬುದ್ದೀನ ಹಿಂದಿಯಲ್ಲಿ ಬಿಡಿಸಿ ಹೇಳಿದ ಮೇಲೆ ಒಪ್ಪಿದಳು. ಕಾರಿನ ಮುಂದಿನ ಸೀಟನ್ನು ಪೂರ್ತಿ ಹಿಂದೆ ಸರಿಸಿ, ಇಬ್ಬರೂ ಚಾಲಕರು ಶಾಂತಯ್ಯನನ್ನು ಎತ್ತಿ ತಂದರು. ಪ್ರಭಾವತಿ ತಾನೇ ಒಂದೊಂದಾಗಿ ಕಾಲು ಮಡಿಸಿದಳು. ಬೆನ್ನಿಗೆ ಕಂಬಳಿಯ ಸುರುಳಿ, ಎದೆಗೆ ಅಡ್ಡಲಾಗಿ ಬೆಲ್ಟು, ಕತ್ತು ವಾಲದಂತೆ ತನ್ನ ಹತ್ತಿಯ ಸೀರೆಯನ್ನು ಸೀಟಿಗೆ ಸುತ್ತಿ ಕಟ್ಟಿದಳು. ಗದ್ದ ಎತ್ತಿ ಹಿಡಿದಳು, ಕಣ್ಣು ಮುಚ್ಚಿಸಿದಳು, ಕೊರಳ ಲಿಂಗವನ್ನು ಅಂಗಿಯ ಹೊರಗೆ ತೆಗೆದು ಎದೆಯ ನಡುವೆ ಬರುವಂತೆ ಮಾಡಿದಳು. ಕುತ್ತಿಗೆಯವರೆಗೆ ಶಾಲು ಹೊದೆಸಿದಳು. ಗಂಡ ಎಷ್ಟೋ ಮನೆಗಳಲ್ಲಿ ಮಾಡಿದ್ದನ್ನು ಆಕೆ ನೋಡಿದ್ದಳು. ಒಂದನ್ನೂ ಮರೆತಿಲ್ಲ ಎಂದುಕೊಂಡಳು.

ಬಂದ ದಾರಿಯಲ್ಲೇ ತಿರುಗಿದರು. ಮುಂದೆ ಬಂದೇನವಾಜನ ಲಾರಿ, ಹಿಂದೆ ಪ್ರಭಾವತಿಯ ಕಾರು. ಶಾಬುದ್ದೀನ ಹಿಂದಿನ ಸೀಟಿನಲ್ಲಿ ಕೂತು ಶಾಂತಯ್ಯನ ಭುಜ ಹಿಡಿದುಕೊಂಡ. ತಾನು ನಡೆಸುತ್ತೇನೆಂದು ಆತ ಎಷ್ಟು ಹೇಳಿದರೂ ಹಗಲಲ್ಲಿ ಆಕೆ ಒಪ್ಪಲಿಲ್ಲ. ನೀ ನಡಸು ಎಂದು ಹೇಳಿ ಹೋದವನು ತನಗೆ ಹೇಳಿ ಹೋಗಿದ್ದಾನೆ. ಎಸಿಯನ್ನು ಎಷ್ಟು ತಣ್ಣಗಾಗುವುದೋ ಅಷ್ಟಕ್ಕೆ ತಿರುಗಿಸಿದ್ದಳು. ಡಿಸೆಂಬರಿನ ಚಳಿಗೆ ಅದೂ ಸೇರಿ ಹಲ್ಲು ಕಟಕಟ ಎನ್ನುತ್ತಿದ್ದವು. ಬೆರಳುಗಳಲ್ಲಿ ಸ್ಪರ್ಶವೇ ಉಳಿಯಲಿಲ್ಲ. ಒಂದು ಕಡೆ ಗೇರು ಕರಕರ ಎಂದಿತು. ಬೈಗುಳಕ್ಕಾಗಿ ಕಾದಳು. ಪಕ್ಕದಿಂದ ಏನೂ ಬರಲಿಲ್ಲ. ಆಗ ಮಾತ್ರ ಆಕೆಗೆ ಅಳು ಬಂತು, ರಸ್ತೆ ಕಾಣದಷ್ಟು ಬಂತು. ಹಾಗೆಯೇ ಓಡಿಸಿದಳು. ಹಿಂದೆ ಕೂತ ಶಾಬುದ್ದೀನ ತುಟಿಯೊಳಗೇ ಏನೋ ಓದಿಕೊಳ್ಳುತ್ತಿದ್ದ.

ರಾಜ್ಯದ ಗಡಿಯಲ್ಲಿ ಪೊಲೀಸರು ತಡೆದರು. ಕಾಗದ ನೋಡಿದ ಪೇದೆ ಕಾರಿನೊಳಗೆ ಇಣುಕಿದ. ಪೂಜೆಗೆ ಕೂತಂತಿದ್ದ ಶಾಂತಯ್ಯನನ್ನೂ ಗಡಗಡ ನಡುಗುತ್ತಿದ್ದ ಹೆಂಗಸನ್ನೂ ನೋಡಿ, ಏನೂ ಕೇಳದೆ ಕೈಬೀಸಿದ. ಕತ್ತಲಾದ ಮೇಲೆ ಪ್ರಭಾವತಿಯ ಕಣ್ಣು ಎಳೆಯತೊಡಗಿದಾಗ ಶಾಬುದ್ದೀನ ಕೀಲಿ ಕಿತ್ತುಕೊಂಡ. ರಾತ್ರಿಯಿಡೀ ಆತ ಓಡಿಸಿದ. ಆಕೆ ಹಿಂದೆ ಕೂತು ಗಂಡನ ಹೆಗಲಿನ ಮೇಲೆ ಕೈಯಿಟ್ಟುಕೊಂಡಿದ್ದಳು.

ವಿಜಯಪುರ ದಾಟಿ ಬೆಳಕಾದಾಗ ಚಹಾದಂಗಡಿಯೊಂದರ ಮುಂದೆ ನಿಲ್ಲಿಸಿದರು. ಊರಿಗೆ ಮುಖ ತೊಳೆದೇ ಕರೆದೊಯ್ಯಬೇಕೆಂದು ಪ್ರಭಾವತಿ ನೀರು ತಂದು, ಆತನ ಬದಿಯ ಬಾಗಿಲು ತೆಗೆದಳು. ಮುಖ ಒರೆಸಿದಳು. ಹಣೆಗೆ ವಿಭೂತಿ ಎಳೆದಳು. ಕಾಲು ಹೇಗೆ ಮಡಿಸಿದ್ದಳೋ ಹಾಗೇ ಇತ್ತು, ಬೆನ್ನು ನೆಟ್ಟಗಿತ್ತು. ಗೆದ್ದೆ ಅನ್ನಿಸಿತು. ಶಾಲು ಸರಿಪಡಿಸಲು ಎತ್ತಿದಾಗ ಎಡಗೈ ಕಂಡಿತು.

ಮುಷ್ಟಿ.

ಬಾಗಿಲ ಕಡೆಗಿದ್ದ ಕೈ ಅದು, ಶಾಲಿನೊಳಗೆ ತೊಡೆಯ ಸಂದಿಯಲ್ಲಿ ಬಿಗಿದು ಸೆಟೆದಿತ್ತು. ಬಲಗೈ ತೆರೆದೇ ಇತ್ತು. ಅದರಿಂದ ಉಪಯೋಗವಿಲ್ಲ. ಲಿಂಗವಿಡುವುದು ಎಡ ಅಂಗೈಯಲ್ಲಿ. ಆಕೆ ಹೆಬ್ಬೆರಳನ್ನು ಎತ್ತಲು ನೋಡಿದಳು. ಕದಲಲಿಲ್ಲ. ಕಿರುಬೆರಳು, ಅದೂ ಇಲ್ಲ. ಕಾಲು, ಬೆನ್ನು, ಕತ್ತು, ಕಣ್ಣು ಎಲ್ಲ ನೆನಪಿಟ್ಟು, ಇದೆಲ್ಲ ಯಾವುದಕ್ಕಾಗಿಯೋ ಆ ಕೈಯನ್ನೇ ಮರೆತಿದ್ದಳು. ಮಠಪತಿಯ ಹೆಂಡತಿ! ಆಕೆ ರಸ್ತೆಯ ಬದಿಯಲ್ಲೇ ಕುಸಿದು ಕೂತು ಹಣೆ ಚಚ್ಚಿಕೊಂಡಳು.

ಶಾಬುದ್ದೀನ ಚಹಾ ಹಿಡಿದು ಓಡಿಬಂದ. ನೋಡಿ, ಸಮಾಧಾನ ಹೇಳಲೆಂದೇ, "ಅಷ್ಟಕ್ಯಾಕ ಹಿಂಗ ಮಾಡ್ತೀರಿ? ಊರಾಗ ನಾಕ ಮಂದಿ ಗಟ್ಟಿ ಇದ್ದವರು ಇರ್ತಾರ, ಬಿಡಸ್ತಾರ" ಎಂದ. ಆಕೆಗೆ ಬೇಡವಾದದ್ದು ಅದೇ ಆಗಿತ್ತು.

ಹುಬ್ಬಳ್ಳಿಯಲ್ಲಿ ಬಂದೇನವಾಜ ಲಾರಿಯನ್ನು ಮಾರುಕಟ್ಟೆಗೆ ತಿರುಗಿಸಿದ. ಶಾಬುದ್ದೀನ ಮಾತ್ರ ಕಾರಿನಲ್ಲೇ ಉಳಿದ. ಅಲ್ಲಿಂದ ಮತ್ತೆ ಪ್ರಭಾವತಿಯೇ ಓಡಿಸಿದಳು. ಧಾರವಾಡ ದಾಟಿ, ಮುಗದದ ಅಗಸೆ ಬಾಗಿಲು ಹೊಕ್ಕು, ಹೊಲದ ದಾರಿ ಹಿಡಿದಾಗ ಊರಿಗೆ ಊರೇ ಅಲ್ಲಿತ್ತು. ಪ್ರಸಾದ ತಗ್ಗು ತೋಡಿಸಿ, ಸತ್ತವರನ್ನು ಕೂರಿಸಿ ಹೊರುವ ವಿಮಾನಕ್ಕೆ ಬಾಳೆಕಂಬ ಕಟ್ಟಿಸಿದ್ದ. ಕಾರಿನ ಬಾಗಿಲು ತೆಗೆದವರು ಅರೆಗಳಿಗೆ ಹಿಂದೆ ಸರಿದರು. ಕರೆದಲ್ಲಿಗೆ ಬಂದು ಕೂರುತ್ತಿದ್ದ ಶಾಂತಯ್ಯ, ಹಾಗೆಯೇ ಬಂದು ಕೂತಿದ್ದ. ಒಬ್ಬ ಮುದುಕಿ, "ಅಯ್ಯನವರು ಕುಂತ ಬಂದ್ರಲ್ಲವ್ವಾ" ಎಂದು ಜೋರಾಗಿ ಅತ್ತಳು. ಎಲ್ಲ ಹೆಂಗಸರೂ ಅತ್ತರು.

ಮೈ ತೊಳೆದು, ವಿಭೂತಿ ಹಚ್ಚಿ, ಗದ್ದುಗೆಯ ಮೇಲೆ ಕೂರಿಸಿದರು. ಕ್ರಿಯೆಗೆಂದು ಅಮ್ಮಿನಬಾವಿಯಿಂದ ಬಂದಿದ್ದ ಹಿರಿಯ ಅಯ್ಯನವರು ಲಿಂಗವನ್ನು ಬಿಚ್ಚಿ ಹಿಡಿದು, ಎಡಗೈ ನೋಡಿದರು. ನೋಡಿ ತಲೆಯೆತ್ತಿ, ಸಣ್ಣ ದನಿಯಲ್ಲಿ ಹೇಳಿದರು. "ಎಣ್ಣಿ ಕಾಸ್ರಿ. ಇಬ್ಬರು ಬರ್ರಿ ಈ ಕಡೆ."

ತೋಳೇರಿಸಿ ಇಬ್ಬರು ಮುಂದೆ ಬಂದರು. ಪ್ರಭಾವತಿ ಹೆಂಗಸರ ಕೈ ಬಿಡಿಸಿಕೊಂಡು ಬಂದು ಗದ್ದುಗೆಯ ಮುಂದೆ ಅಡ್ಡ ಕೂತಳು.

"ಯಾರೂ ಮುಟ್ಟಬ್ಯಾಡ್ರಿ."

"ತಂಗೀ, ಕೈ ಬಿಚ್ಚದ ಹೆಂಗ ಇಡೂದು? ಹೊತ್ತು ಇಳೀತದ."

"ಇಳೀಲ್ರಿ. ನನ್ನ ತಪ್ಪು ಅದು, ನಾ ಬಿಚ್ಚತೇನಿ. ಮುರಿಯೂದು ಬ್ಯಾಡ ಅಂದಾರ. ನಾ ಹೂಂ ಅಂದೇನಿ."

ಬಿಸಿನೀರು ತರಿಸಿ ತನ್ನ ಕೈಗಳನ್ನು ಅದರಲ್ಲಿ ಅದ್ದಿದಳು. ಒರೆಸಿಕೊಂಡು ಆ ಮುಷ್ಟಿಯನ್ನು ಎರಡೂ ಅಂಗೈಯ ನಡುವೆ ಇಟ್ಟುಕೊಂಡಳು. ಕಾರಿನ ತಣುಪು ಇನ್ನೂ ಅದರಲ್ಲೇ ಇತ್ತು. ಮದುವೆಯ ದಿನ ಅಯ್ಯನವರು ಹಿಡಿಸಿದ್ದು ಬಿಟ್ಟರೆ ನಾಲ್ಕು ಜನರೆದುರು ಆಕೆ ಗಂಡನ ಕೈ ಹಿಡಿದವಳಲ್ಲ. ಆತನೂ ಹಿಡಿದವನಲ್ಲ, ಬಸ್ಸು ಹತ್ತಿಸುವಾಗ ಸಹ. ಈಗ ಇಡೀ ಊರು ನೋಡುತ್ತಿತ್ತು. ಆಕೆಗೆ ನಾಚಿಕೆಯಾಗಲಿಲ್ಲ. ಕೈ ತಣ್ಣಗಾದಾಗಲೆಲ್ಲ ಮತ್ತೆ ನೀರಿಗೆ ಅದ್ದುವಳು, ಮತ್ತೆ ಹಿಡಿಯುವಳು. ಭಜನೆಯವರು ಹಾಡಿ ಹಾಡಿ ದಣಿದು ನಿಲ್ಲಿಸಿದರು. ಯಾರೋ ಗೊಣಗಿದರು, ಅಮ್ಮಿನಬಾವಿಯ ಅಯ್ಯನವರು ಕಣ್ಣಲ್ಲೇ ಗದರಿದರು. ಪ್ರಸಾದ ಎರಡು ಸಲ ನೀರು ಬದಲಿಸಿದ. ದೂರದಲ್ಲಿ ಬದುವಿನ ಮೇಲೆ ಶಾಬುದ್ದೀನ ಚಪ್ಪಲಿ ಕಳಚಿಟ್ಟು ನಿಂತೇ ಇದ್ದ.

ಮಧ್ಯಾಹ್ನದ ಬಿಸಿಲು ಗದ್ದುಗೆಯ ಮೇಲೆ ಬಂದಾಗ ಕಿರುಬೆರಳು ಸಡಿಲಾಯಿತು. ಆಕೆ ಎಳೆಯಲಿಲ್ಲ, ಸವರಿದಳು. ಆಮೇಲೆ ಅದರ ಪಕ್ಕದ್ದು. ತುಂಬ ಹೊತ್ತಿನ ನಂತರ ಹೆಬ್ಬೆರಳು ತಾನಾಗಿ ಬಿಟ್ಟಿತು. ಅಂಗೈ ಮೆಲ್ಲಗೆ ತೆರೆದುಕೊಂಡು ಆಕೆಯ ಅಂಗೈಯ ಮೇಲೆ ಒರಗಿತು. ಸ್ಟಿಯರಿಂಗಿನ ಜಡ್ಡು ಹಾಗೇ ಇತ್ತು. ಅಯ್ಯನವರು ಲಿಂಗವನ್ನಿಟ್ಟರು, ಬಿಲ್ವಪತ್ರೆ ಏರಿಸಿದರು.

"ಆತು ತಂಗೀ. ಇನ್ನ ಏಳು" ಎಂದರು.

ವಿಮಾನ ಹೊರುವವರು ಬಂದು ಗದ್ದುಗೆಗೆ ಕೈಹಾಕಿದರು. ಪ್ರಭಾವತಿ ಏಳಲಿಲ್ಲ. ಆತನ ಕೈಯ ಕೆಳಗೆ ಆಕೆಯ ಎರಡೂ ಕೈಗಳು ಹಾಗೆಯೇ ಇದ್ದವು. "ಕಾಕೂ, ಬಿಡ್ರಿ. ಕಾಕಾನ್ನ ಕಳಸೂಣು" ಎಂದ ಪ್ರಸಾದ. ಆಕೆ ಹೂಂ ಎಂದಳು, ಕೈ ಬಿಡಲಿಲ್ಲ. ಕೊನೆಗೆ ಹೆಂಗಸರಿಬ್ಬರು ಅಳುತ್ತ ಅತ್ತಿತ್ತ ಕೂತು, ಆಕೆಯ ಬೆರಳುಗಳನ್ನು ಒಂದೊಂದಾಗಿ ಬಿಡಿಸಬೇಕಾಯಿತು.